ಬೈಲಕುಪ್ಪೆಗೆ ಕೊಟ್ಟ ಕಾಗದವನ್ನು ಭೋಗಲ್‌ಗೂ ಕೊಡಿಸಿ: ಕರ್ನಾಟಕದ ಸಂಸದರಿಗೆ ಬಹಿರಂಗ ಪತ್ರ

ಕರ್ನಾಟಕದಿಂದ ಲೋಕಸಭೆಗೆ ಆರಿಸಿ ಬಂದ 28 ಸದಸ್ಯರಿಗೆ ಮತ್ತು ರಾಜ್ಯಸಭೆಯಲ್ಲಿರುವ ನಮ್ಮ 12 ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ದಕ್ಷಿಣ ದೆಹಲಿಯ ಭೋಗಲ್‌ನಲ್ಲಿ ಬಾಡಿಗೆ ಮನೆಯಲ್ಲಿರುವ ಕನ್ನಡತಿ. ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಜೆ ಬಿಡುವಾದಾಗ ನಮ್ಮ ಗಲ್ಲಿಯ ಅಫ್ಘನ್ ಹೆಂಗಸರಿಗೆ ಹಿಂದಿ ಓದುವುದನ್ನು ಹೇಳಿಕೊಡುತ್ತೇನೆ, ಅವರ ಅರ್ಜಿ ತುಂಬಿಕೊಡುತ್ತೇನೆ. ನಿಜ ಹೇಳಬೇಕೆಂದರೆ ಪಾಠಕ್ಕಿಂತ ಅರ್ಜಿಯೇ ಜಾಸ್ತಿ.

ದೆಹಲಿಯ ಅಫ್ಘನ್ ನಿರಾಶ್ರಿತರಿಗೆ ಸರ್ಕಾರ ಒಂದು ನೋಂದಣಿ ಪತ್ರ ಕೊಡುವಂತೆ ಮಾಡಿ ಅಂತ ಕೇಳಲು ಬರೆಯುತ್ತಿದ್ದೇನೆ. ಇದು ಗೃಹ ಸಚಿವಾಲಯಕ್ಕೆ ಹೋಗಬೇಕಾದ ಪತ್ರ, ನಮಗ್ಯಾಕೆ ಅಂತ ನೀವು ಕೇಳಬಹುದು. ಸಚಿವಾಲಯಕ್ಕೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಿಮಗೇ ಬರೆಯುವುದಕ್ಕೆ ಕಾರಣ ಟಿಬೆಟನ್ ನಿರಾಶ್ರಿತರು ನೆಲೆಸಿರುವ ನಮ್ಮ ಬೈಲಕುಪ್ಪೆ. ನಿರಾಶ್ರಿತರನ್ನು ಕರೆದು, ಜಾಗ ಕೊಟ್ಟು, ಕೈಗೊಂದು ಕಾಗದ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಅರವತ್ತು ವರ್ಷಗಳಿಂದ ಕಣ್ಣಾರೆ ಕಂಡ ರಾಜ್ಯ ನಮ್ಮದು. ದೆಹಲಿಯಲ್ಲಿ ಯಾರಾದರೂ 'ಇದೆಲ್ಲ ಆಗದ ಕೆಲಸ' ಅಂದರೆ, 'ನಮ್ಮ ಪಿರಿಯಾಪಟ್ಟಣ ತಾಲೂಕಿನಲ್ಲಿ ಆಗಿದೆಯಲ್ಲ ಸ್ವಾಮಿ' ಅಂತ ಹೇಳುವ ಅಧಿಕಾರ ನಿಮಗಿದೆ.

ಮೊದಲು ಇಲ್ಲಿಯ ವಿಷಯ. ಭೋಗಲ್, ಜಂಗಪುರ, ಲಾಜಪತ್ ನಗರ, ಮಾಳವೀಯ ನಗರದ ಪಕ್ಕದ ಹೌಜ್ ರಾನಿ, ಉತ್ತರಕ್ಕೆ ವಜೀರಾಬಾದ್. ಅಫ್ಘನ್ನರು ಹೆಚ್ಚಾಗಿ ಇರುವುದು ಈ ಕಡೆ. ತಿಲಕ್ ನಗರದ ಸುತ್ತ ಅಫ್ಘನ್ ಸಿಖ್ಖರಿದ್ದಾರೆ. ಸಂಸತ್ ಭವನದಿಂದ ನಮ್ಮ ಗಲ್ಲಿಗೆ, ಟ್ರಾಫಿಕ್ ಇಲ್ಲದಿದ್ದರೆ, ಅರ್ಧ ಗಂಟೆಯೂ ಬೇಡ. ಬೆಳಿಗ್ಗೆ ಬಂದರೆ ತಂದೂರಿನಿಂದ ಮೊಳದುದ್ದದ ನಾನ್ ತೆಗೆಯುತ್ತಿರುತ್ತಾರೆ. ಅದರ ಮೇಲೆ ಬೆರಳಿನಿಂದ ಒತ್ತಿದ ಗೆರೆಗಳಿರುತ್ತವೆ. ಪಂಜಾಬಿ ಅಜ್ಜಂದಿರೂ ಸಾಲಿನಲ್ಲಿ ನಿಂತಿರುತ್ತಾರೆ. ಆ ಅಜ್ಜಂದಿರಲ್ಲಿ ಕೆಲವರ ಮನೆಯವರು 1947ರಲ್ಲಿ ಗಡಿ ದಾಟಿ ಬಂದವರು. ಲಾಜಪತ್ ನಗರವೇ ಹುಟ್ಟಿದ್ದು ನಿರಾಶ್ರಿತರಿಗಾಗಿ ಅಲ್ವಾ?

ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ದೆಹಲಿಯಲ್ಲಿ 1981ರಿಂದ ಇದೆ. 2021ರ ಹೊತ್ತಿಗೆ ಅಲ್ಲಿ ಹೆಸರು ಬರೆಸಿದ್ದ ಅಫ್ಘನ್ನರು ಸುಮಾರು 15 ಸಾವಿರ. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಹದಿನೈದು ಸಾವಿರ ಜನ. ಒಂದು ಹೋಬಳಿಯಲ್ಲಿ ಇದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಆ ಸಂಸ್ಥೆ ಇವರಿಗೆ ಫೋಟೊ ಇರುವ ಕಾರ್ಡ್ ಕೊಡುತ್ತದೆ. ತೊಂದರೆ ಶುರುವಾಗುವುದು ಆ ಕಾರ್ಡ್ ಹಿಡಿದು ಕೌಂಟರ್ ಮುಂದೆ ನಿಂತಾಗ.

ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬ ತಾಯಿ, ಇಬ್ಬರು ಮಕ್ಕಳು ಇದ್ದಾರೆ. ಆಕೆ ಬಲ್ಖ್ ಪ್ರಾಂತದಲ್ಲಿ ಹೆರಿಗೆ ನರ್ಸ್ ಆಗಿದ್ದವರು. ಮಕ್ಕಳು ನನ್ನನ್ನು 'ಖಾಲಾ ಜಾನ್' ಅಂತ ಕರೆಯುತ್ತಾರೆ, ಚಿಕ್ಕಮ್ಮ ಅಂದ ಹಾಗೆ. ಚಿಕ್ಕವನನ್ನು ಶಾಲೆಗೆ ಸೇರಿಸಲು ಅವರ ಜೊತೆ ನಾನೂ ಹೋಗಿದ್ದೆ. ಶಾಲೆಯ ಹೆಸರು ಬೇಡ, ಅಲ್ಲಿನವರ ತಪ್ಪೂ ಇದರಲ್ಲಿ ಅಷ್ಟಿಲ್ಲ. ಗುಮಾಸ್ತರು ಕಂಪ್ಯೂಟರಿನಲ್ಲಿ ಅರ್ಜಿ ತೆರೆದರು. ತಾಯಿಯ ಹೆಸರು ಆಯಿತು, ತಂದೆಯ ಹೆಸರು ಆಯಿತು. ಹುಟ್ಟಿದ ದಿನಾಂಕಕ್ಕೆ ಬಂದು ನಿಂತರು. ಹುಡುಗನ ತಜ್ಕಿರಾ, ಅಂದರೆ ಅಫ್ಘನ್ ಗುರುತಿನ ಪತ್ರದಲ್ಲಿ, ತಾರೀಖೇ ಇಲ್ಲ. '1397ರಲ್ಲಿ ಮೂರು ವರ್ಷ' ಅಂತಷ್ಟೇ ಬರೆದಿದೆ. ಅದು ಅವರ ಸೌರ ಪಂಚಾಂಗದ ಲೆಕ್ಕ. ಅಲ್ಲಿಯ ಹಳೆಯ ಪತ್ರಗಳಲ್ಲಿ ವಯಸ್ಸನ್ನು ಹೀಗೇ ಬರೆಯುತ್ತಾರೆ. ನಾನು ಪಕ್ಕದಲ್ಲಿ ಕೂತು ಲೆಕ್ಕ ಹಾಕಿ 2015 ಅಂದೆ. ಅವರು ಜನವರಿ 1 ಅಂತ ಹಾಕಿದರು. ದೆಹಲಿಯ ಎಷ್ಟೋ ಅಫ್ಘನ್ ಮಕ್ಕಳ ಹುಟ್ಟುಹಬ್ಬ ಜನವರಿ ಒಂದಕ್ಕೇ ಬರುವುದು ಇದರಿಂದ.

ಆಮೇಲೆ ಬಂತು ಆಧಾರ್. ನಂಬರ್ ತುಂಬಲು ಹನ್ನೆರಡು ಖಾಲಿ ಮನೆಗಳು. ಯುಎನ್ ಕಾರ್ಡಿನ ನಂಬರಿನಲ್ಲಿ ಅಕ್ಷರಗಳೂ ಇರುತ್ತವೆ, ಅಲ್ಲಿ ಹಿಡಿಸುವುದಿಲ್ಲ. ಗುಮಾಸ್ತರು ಒಳ್ಳೆಯವರು, ಹನ್ನೆರಡು ಸೊನ್ನೆ ಒತ್ತಿ ನೋಡಿದರು. ಕಂಪ್ಯೂಟರ್ ಕೆಂಪು ಗೆರೆ ತೋರಿಸಿತು. 'ಮೇಡಂ, ಇದು ಮುಂದಕ್ಕೇ ಹೋಗ್ತಾ ಇಲ್ಲ' ಅಂದರು. ಹುಡುಗ ತಾಯಿಯ ಮುಖ ನೋಡಿದ. ತಾಯಿ ಕಾಗದಗಳನ್ನೆಲ್ಲ ಒಂದೊಂದಾಗಿ ಮತ್ತೆ ಪ್ಲಾಸ್ಟಿಕ್ ಕವರಿಗೆ ತುಂಬಿದರು.

ಈಗ ಕಾನೂನು ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಪಾಸು ಮಾಡಿದ್ದು ನಿಮ್ಮ ಸಂಸತ್ತೇ. 6ರಿಂದ 14 ವರ್ಷದ 'ಪ್ರತಿ ಮಗುವಿಗೂ' ಅಂತ ಅದರಲ್ಲಿದೆ, 'ಪ್ರತಿ ಪ್ರಜೆಗೂ' ಅಂತ ಇಲ್ಲ. ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸುವಂತಿಲ್ಲ ಅಂತ 14ನೇ ಸೆಕ್ಷನ್ ಹೇಳುತ್ತದೆ. ಓದು ಅರ್ಧಕ್ಕೆ ನಿಂತ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ಪಾಠ ಕೊಡಬೇಕು ಅಂತ 4ನೇ ಸೆಕ್ಷನ್‌ನಲ್ಲಿದೆ. ಕಾಯ್ದೆ ಇಷ್ಟು ಉದಾರವಾಗಿದೆ. ಅದನ್ನು ಸೋಲಿಸಿದ್ದು ಹನ್ನೆರಡು ಖಾಲಿ ಮನೆಗಳ ಒಂದು ಅರ್ಜಿ.

ಶಾಲೆ ಒಂದು ಉದಾಹರಣೆ ಅಷ್ಟೇ. ಬ್ಯಾಂಕ್ ಖಾತೆಗೂ ಇದೇ ಕತೆ, ಸಿಮ್ ಕಾರ್ಡಿಗೂ ಇದೇ. ಮನೆ ಮಾಲೀಕರು ವಿದೇಶಿಯರಿಗೆ ಮನೆ ಕೊಟ್ಟರೆ ಸರ್ಕಾರಕ್ಕೆ ಒಂದು ಫಾರಂ ತುಂಬಿಕೊಡಬೇಕು. ಅದರಲ್ಲಿ ಪಾಸ್‌ಪೋರ್ಟ್, ವೀಸಾ ವಿವರ ಕೇಳುತ್ತಾರೆ. ವೀಸಾ ಮುಗಿದವರ ಹೆಸರು ಬರೆಯಲು ಮಾಲೀಕರಿಗೆ ಭಯ. ಹಾಗಾಗಿ ಬಾಡಿಗೆ ಜಾಸ್ತಿ ಕೇಳುತ್ತಾರೆ, ನಗದಾಗಿ ಕೇಳುತ್ತಾರೆ, ರಸೀದಿ ಕೊಡುವುದಿಲ್ಲ. ಕೆಲಸಕ್ಕೆ ಇಟ್ಟುಕೊಳ್ಳುವವರೂ ಅಷ್ಟೇ. ಸಂಬಳ ಕೊಡದಿದ್ದರೆ ಇವರು ಎಲ್ಲಿ ದೂರು ಕೊಡುತ್ತಾರೆ? ಠಾಣೆಗೆ ಹೋದರೆ ಮೊದಲು ಕೇಳುವುದೇ ವೀಸಾ.

ದೆಹಲಿಯ ದೊಡ್ಡ ಆಸ್ಪತ್ರೆಗಳಿಗೆ ಮೊದಲು ಕಾಬೂಲಿನಿಂದ ವಿಮಾನಗಟ್ಟಲೆ ರೋಗಿಗಳು ಬರುತ್ತಿದ್ದರು. ಅವರಿಗೂ ಡಾಕ್ಟರಿಗೂ ನಡುವೆ ದುಭಾಷಿಯಾಗಿ ನಿಂತು ಸಂಸಾರ ಸಾಗಿಸಿದ ಅಫ್ಘನ್ ಹುಡುಗರು ಇಲ್ಲಿ ಬಹಳ. ತಾಲಿಬಾನ್ ಕಾಬೂಲಿಗೆ ನುಗ್ಗಿದ್ದು 2021ರ ಆಗಸ್ಟ್ 15ಕ್ಕೆ. ಅದಾಗಿ ಹತ್ತು ದಿನಕ್ಕೆ, ಆಗಸ್ಟ್ 25ರಂದು, ಭಾರತದ ಹೊರಗಿದ್ದ ಅಫ್ಘನ್ನರ ಹಳೆಯ ವೀಸಾಗಳನ್ನೆಲ್ಲ ನಮ್ಮ ಸರ್ಕಾರ ರದ್ದು ಮಾಡಿತು. ಇನ್ನು ಇ-ವೀಸಾ ಮಾತ್ರ ಅಂದಿತು. ರೋಗಿಗಳು ಬರುವುದು ನಿಂತಿತು. ದುಭಾಷಿಗಳ ಹೊಟ್ಟೆಪಾಡೂ ನಿಂತಿತು. ಗಂಡ ಅಲ್ಲಿ, ಹೆಂಡತಿ ಇಲ್ಲಿ ಅಂತ ಒಡೆದ ಸಂಸಾರಗಳೂ ನಮ್ಮ ಗಲ್ಲಿಯಲ್ಲಿವೆ. ಅದೇ ವಾರ ವಸಂತ್ ವಿಹಾರದ ಯುಎನ್ ಕಚೇರಿ ಮುಂದೆ ನೂರಾರು ಅಫ್ಘನ್ನರು ಧರಣಿ ಕೂತರು. 'ನಮಗೆ ಕಾರ್ಡ್ ಕೊಡಿ, ಮುಚ್ಚಿದ ಫೈಲು ತೆಗೆಯಿರಿ, ಇಲ್ಲಾ ಬೇರೆ ದೇಶಕ್ಕೆ ಕಳಿಸಿ' ಅಂತ. ನೀವೂ ಟೀವಿಯಲ್ಲಿ ನೋಡಿರುತ್ತೀರಿ.

ನೀವು ಸಂಸದರು ಅನ್ನುವ ಕಾರಣಕ್ಕೆ ಇನ್ನೊಂದು ಘಟನೆ ನೆನಪಿಸಬೇಕು. ಕಾಬೂಲಿನಲ್ಲಿ ಹೊಸ ಸಂಸತ್ ಭವನ ಕಟ್ಟಿಸಿಕೊಟ್ಟಿದ್ದು ಭಾರತ. 2015ರ ಡಿಸೆಂಬರ್ 25ರಂದು ನಮ್ಮ ಪ್ರಧಾನಿಯವರೇ ಹೋಗಿ ಉದ್ಘಾಟಿಸಿದರು. ಆ ಸಂಸತ್ತಿನ ಸದಸ್ಯೆ, ಫರ್ಯಾಬ್ ಪ್ರಾಂತದ ರಂಗೀನಾ ಕರ್ಗರ್, 2021ರ ಆಗಸ್ಟ್ 20ರಂದು ದೆಹಲಿ ವಿಮಾನ ನಿಲ್ದಾಣಕ್ಕೆ ಬಂದಿಳಿದರು. ಕೈಯಲ್ಲಿ ರಾಜತಾಂತ್ರಿಕ ಪಾಸ್‌ಪೋರ್ಟ್ ಇತ್ತು. ಗಂಟೆಗಟ್ಟಲೆ ಕೂರಿಸಿ, ಬಂದ ದಾರಿಯಲ್ಲೇ ವಾಪಸ್ ಕಳಿಸಿದರು. ಆಮೇಲೆ ಸರ್ಕಾರ ವಿಷಾದ ಹೇಳಿತು ಅನ್ನಿ. ಒಬ್ಬ ಸಂಸದೆಗೇ ಹೀಗಾದರೆ ಒಬ್ಬ ನರ್ಸಿಗೆ, ಒಬ್ಬ ಟೈಲರಿಗೆ ಏನು ಗತಿ?

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ಅದೇ ಆಗಸ್ಟ್‌ನಲ್ಲಿ 'ದೇವಿ ಶಕ್ತಿ' ಕಾರ್ಯಾಚರಣೆಯಲ್ಲಿ ನಮ್ಮವರ ಜೊತೆ ಅಫ್ಘನ್ ಸಿಖ್ಖರನ್ನೂ ಹಿಂದೂಗಳನ್ನೂ ಕರೆತಂದರು. ಪಾಕಿಸ್ತಾನ 2023ರಿಂದ, ಇರಾನ್ 2025ರಲ್ಲಿ ಲಕ್ಷಗಟ್ಟಲೆ ಅಫ್ಘನ್ನರನ್ನು ಗಡಿಯಾಚೆ ದಬ್ಬಿದವು. ಭಾರತ ಹಾಗೆ ಮಾಡಿಲ್ಲ. ಇದಕ್ಕಾಗಿ ಇಲ್ಲಿಯ ಅಫ್ಘನ್ನರು ದಿನಾ ಕೃತಜ್ಞತೆ ಹೇಳುತ್ತಾರೆ, ನಾವು ಮುಜುಗರಪಡುವಷ್ಟು. ಆದರೆ ಹೊರಗೆ ಹಾಕುವುದಿಲ್ಲ, ಒಳಗೂ ಸೇರಿಸಿಕೊಳ್ಳುವುದಿಲ್ಲ ಅಂದರೆ ಏನರ್ಥ? ಮಳೆಯಲ್ಲಿ ಬಂದವರನ್ನು ಜಗಲಿಯಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಂಡ ಹಾಗೆ. ಒಂದು ರಾತ್ರಿಗಾದರೆ ಸರಿ. ಇಲ್ಲಿ ಕೆಲವರು ಹೀಗೆ ನಿಂತು ಇಪ್ಪತ್ತು ವರ್ಷವಾಗಿದೆ.

ನಿಯಮವೇ ಇಲ್ಲ ಅಂತಲೂ ಅಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿಜ. ನಿರಾಶ್ರಿತರ ಕಾನೂನೂ ನಮ್ಮಲ್ಲಿಲ್ಲ. 2015ರಲ್ಲಿ ಶಶಿ ತರೂರ್ ಅವರು ಖಾಸಗಿ ಮಸೂದೆ ತಂದರು, ಅದು ಮುಂದಕ್ಕೆ ಹೋಗಲಿಲ್ಲ. ಆದರೆ 2011ರ ಡಿಸೆಂಬರ್ 29ರಂದು ಗೃಹ ಸಚಿವಾಲಯವೇ ಒಂದು ಕಾರ್ಯವಿಧಾನ ಹೊರಡಿಸಿತ್ತು. ಜನಾಂಗ, ಧರ್ಮ, ಲಿಂಗ ಮುಂತಾದ ಕಾರಣಕ್ಕೆ ಕಿರುಕುಳದ ಭಯ ಇರುವುದು ನಿಜ ಅಂತ ಕಂಡುಬಂದರೆ ದೀರ್ಘಾವಧಿ ವೀಸಾ ಕೊಡಬಹುದು. ಆ ವೀಸಾ ಇದ್ದವರು ಖಾಸಗಿ ಕೆಲಸ ಮಾಡಬಹುದು, ಓದಬಹುದು. ಕೇಳಲು ಎಷ್ಟು ಚೆನ್ನಾಗಿದೆ! ನಾನು ಅರ್ಜಿ ತುಂಬಿಕೊಟ್ಟವರಲ್ಲಿ ಯಾರ ಕೈಗೂ ಅದು ಬಂದಿಲ್ಲ. ಅರ್ಜಿ ಹಾಕಲು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಕೇಳುತ್ತಾರೆ. ಪಾಸ್‌ಪೋರ್ಟ್ ಎಲ್ಲಿಂದ ತರುವುದು? ದೆಹಲಿಯಲ್ಲಿದ್ದ, ತಾಲಿಬಾನ್‌ಗೆ ಮುಂಚಿನ ಅಫ್ಘನ್ ಗಣರಾಜ್ಯದ ರಾಯಭಾರ ಕಚೇರಿ 2023ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. 2024ರ ನವೆಂಬರ್‌ನಲ್ಲಿ ಮುಂಬೈಯ ಅಫ್ಘನ್ ದೂತಾವಾಸಕ್ಕೆ ತಾಲಿಬಾನ್ ತನ್ನ ಕಡೆಯವರನ್ನು ನೇಮಿಸಿತು. ಯಾರಿಗೆ ಹೆದರಿ ಓಡಿ ಬಂದರೋ ಅವರ ಮುಂದೆಯೇ ಹೋಗಿ, ಹೆಸರು ವಿಳಾಸ ಬರೆದುಕೊಟ್ಟು ಪಾಸ್‌ಪೋರ್ಟ್ ಕೇಳಿ ಅಂತ ಈ ನರ್ಸಿಗೆ ನಾನು ಹೇಗೆ ಹೇಳಲಿ?

ಇನ್ನು ಹೊಸ ಕಾನೂನು. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ನಿಮ್ಮ ಎರಡೂ ಸದನಗಳಲ್ಲಿ ಪಾಸಾಯಿತು. ದಾಖಲೆ ಇಲ್ಲದೆ ಒಳಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ವೀಸಾ ಮುಗಿದ ಮೇಲೂ ಉಳಿದರೆ ಮೂರು ವರ್ಷ, ಮೂರು ಲಕ್ಷ. ಚರ್ಚೆಗೆ ಉತ್ತರಿಸುತ್ತಾ ಗೃಹ ಸಚಿವರು ಈ ದೇಶ ಧರ್ಮಶಾಲೆಯಲ್ಲ ಅಂದರು. ಸರಿ, ಧರ್ಮಶಾಲೆ ಬೇಡ. ಇವರು ಪುಕ್ಕಟೆ ಊಟ ಕೇಳುತ್ತಿಲ್ಲ, ದುಡಿಯಲು ಬಿಡಿ ಅನ್ನುತ್ತಿದ್ದಾರೆ.

2025ರ ಸೆಪ್ಟೆಂಬರ್ 1ರಂದು ಆ ಕಾಯ್ದೆಯ ಜೊತೆಗೇ ಒಂದು ವಿನಾಯಿತಿ ಆದೇಶ ಬಂತು. ಅದನ್ನು ದಯವಿಟ್ಟು ಓದಿ. ಟಿಬೆಟನ್ನರಿಗೆ ವಿನಾಯಿತಿ ಇದೆ. ನೋಂದಾಯಿತ ಶ್ರೀಲಂಕಾ ತಮಿಳರಿಗೆ ಇದೆ. 2024ರ ಕೊನೆಯೊಳಗೆ ಬಂದ ಅಫ್ಘನ್ ಸಿಖ್, ಹಿಂದೂ, ಕ್ರೈಸ್ತ, ಬೌದ್ಧ, ಜೈನ, ಪಾರ್ಸಿಗಳಿಗೆ ಇದೆ. ಇದು ಒಳ್ಳೆಯದೇ. 2020ರಲ್ಲಿ ಕಾಬೂಲಿನ ಗುರುದ್ವಾರದೊಳಗೆ 25 ಜನರನ್ನು ಕೊಂದ ಮೇಲೆ ಆ ಸಿಖ್ಖರು ಇನ್ನೆಲ್ಲಿಗೆ ಹೋಗಬೇಕಿತ್ತು? (ಅವರ ಪಾಡೂ ಪೂರ್ತಿ ಸರಿಯಾಗಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯ ಗಡುವು ಈಗಲೂ 2014ರ ಡಿಸೆಂಬರ್ 31. ತಾಲಿಬಾನ್ ಬಂದ ಮೇಲೆ ಓಡಿ ಬಂದ ಸಿಖ್ಖರಿಗೆ ಅದರಿಂದ ಪ್ರಯೋಜನ ಇಲ್ಲ.) ಆದರೆ ತಾಲಿಬಾನ್‌ಗೆ ಬೇಡವಾದವರು ಬೇರೆ ಧರ್ಮದವರು ಮಾತ್ರವೇ? ಶಿಯಾ ಪಂಥದ ಹಜಾರಾ ಜನಾಂಗದವರು ಮುಸ್ಲಿಮರು. ತೀರ್ಪು ಕೊಟ್ಟ ತಪ್ಪಿಗೆ ಓಡಿ ಬಂದ ನ್ಯಾಯಾಧೀಶೆಯರು ಮುಸ್ಲಿಮರು. ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆ ಮುಚ್ಚಿದರು. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಮುಚ್ಚಿದರು. 2024ರ ಡಿಸೆಂಬರ್‌ನಲ್ಲಿ ಹೆರಿಗೆ ನರ್ಸಿಂಗ್ ತರಬೇತಿಯನ್ನೂ ನಿಲ್ಲಿಸಿದರು. ಕೆಳಗಿನ ಮನೆಯ ತಾಯಿ ಆ ಸುದ್ದಿಯನ್ನು ಫೋನಿನಲ್ಲಿ ನನಗೆ ತೋರಿಸಿ, ಇನ್ನು ನಮ್ಮೂರಿನ ಹೆರಿಗೆ ಯಾರು ಮಾಡಿಸುತ್ತಾರೆ ಅಂತ ಕೇಳಿದರು. ಆ ವಿನಾಯಿತಿ ಆದೇಶದಲ್ಲಿ ಇಂಥವರ ಹೆಸರಿಲ್ಲ.

ಬೈಲಕುಪ್ಪೆಯ ಮಾತಿಗೆ ಬರುತ್ತೇನೆ. 1960ರ ಆಸುಪಾಸಿನಲ್ಲಿ ಮೈಸೂರು ರಾಜ್ಯ ಟಿಬೆಟನ್ನರಿಗೆ ಸುಮಾರು 3000 ಎಕರೆ ಕೊಟ್ಟಿತು. ಆಗ ಅದು ಕಾಡು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯ. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಚಳಿಗಾಲ ಬಂದರೆ ನಮ್ಮ ಊರುಗಳ ಫುಟ್‌ಪಾತಿನಲ್ಲಿ ಸ್ವೆಟರ್ ಮಾರಿದರು. ಸುತ್ತಲ ಹಳ್ಳಿಯವರಿಗೆ ಅವರ ಹೊಲದಲ್ಲಿ, ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಜಗಳವೇ ಆಗಿಲ್ಲ ಅಂತಲ್ಲ. ಆದರೆ ಪಿರಿಯಾಪಟ್ಟಣ ಮುಳುಗಿಹೋಗಲಿಲ್ಲ. ಅವರ ಕೈಯಲ್ಲಿರುವುದು ಒಂದು ನೋಂದಣಿ ಪತ್ರ. ಆರ್.ಸಿ. ಅಂತ ಎಲ್ಲರ ಬಾಯಲ್ಲೂ ಇರುವುದು ಅದೇ. ವಿದೇಶಿಯರು ಅಂತಲೇ ಅದರಲ್ಲಿ ಬರೆದಿರುತ್ತದೆ, ಕಾಲಕಾಲಕ್ಕೆ ನವೀಕರಣ ಮಾಡಿಸಬೇಕು, ಅದಕ್ಕೂ ಅವರು ಗೊಣಗುವುದುಂಟು. ಆದರೆ ಅದನ್ನು ತೋರಿಸಿದರೆ ಬ್ಯಾಂಕಿನವರಿಗೆ ಏನು ಅಂತ ಗೊತ್ತಾಗುತ್ತದೆ. ಪೊಲೀಸರಿಗೂ ಗೊತ್ತಾಗುತ್ತದೆ.

ನಾನು ಕೇಳುವುದು ಆ ಕಾಗದ. ಪೌರತ್ವ ಅಲ್ಲ, ಜಮೀನಲ್ಲ, ಸಹಾಯಧನ ಅಲ್ಲ. ಯುಎನ್‌ಎಚ್‌ಸಿಆರ್ ಪರಿಶೀಲಿಸಿದ ಅಫ್ಘನ್ನರಿಗೆ, ಧರ್ಮ ಯಾವುದೇ ಇರಲಿ, ಸರ್ಕಾರ ತಾನೂ ವಿಚಾರಣೆ ಮಾಡಿ ಒಂದು ನೋಂದಣಿ ಪತ್ರ ಕೊಡಲಿ. ಅದಕ್ಕೆ ಕಾಬೂಲಿನ ಪಾಸ್‌ಪೋರ್ಟ್ ಬೇಕೇ ಬೇಕು ಅನ್ನದಿರಲಿ. ಶಾಲೆ, ಬ್ಯಾಂಕು, ಸಿಮ್, ಬಾಡಿಗೆ ಕರಾರು, ಖಾಸಗಿ ಕೆಲಸ, ಇಷ್ಟಕ್ಕೆ ಅದು ನಡೆಯಲಿ.

ಭದ್ರತೆಯ ಪ್ರಶ್ನೆ ಬರುತ್ತದೆ, ಬರಲೇಬೇಕು. ಯಾರು ಯಾರೋ ಒಳಗೆ ಬಂದುಬಿಟ್ಟರೆ ಅಂತ. ಆದರೆ ಯೋಚಿಸಿ ನೋಡಿ. ಯಾವ ಮನೆಯಲ್ಲಿ ಯಾರಿದ್ದಾರೆ, ಎಲ್ಲಿ ದುಡಿಯುತ್ತಾರೆ, ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಅಂತ ಬರೆದಿಟ್ಟುಕೊಂಡ ಗಲ್ಲಿ ಸುರಕ್ಷಿತವೋ, ಬೆರಳಚ್ಚು ಕೊಡಲು ಸಿದ್ಧರಿರುವವರನ್ನೂ ಬರೆದುಕೊಳ್ಳದೆ ಬಿಟ್ಟ ಗಲ್ಲಿ ಸುರಕ್ಷಿತವೋ? ಲೆಕ್ಕ ಬರೆಯುವುದೇ ನನ್ನ ಕೆಲಸ. ಪುಸ್ತಕಕ್ಕೆ ಹತ್ತದ ಬಾಬ್ತು ಯಾವತ್ತೂ ತಲೆನೋವೇ.

ಮೈಸೂರು, ಧಾರವಾಡದ ಸಂಸದರಿಗೆ ಇದು ಇನ್ನೂ ಹತ್ತಿರದ ವಿಷಯ. ಮೈಸೂರು ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಮ್ಮದೇ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಫ್ಘನ್ ಹುಡುಗ ಹುಡುಗಿಯರು ಓದಿದ್ದಾರೆ. ಕೋರ್ಸ್ ಮುಗಿದರೆ ವೀಸಾ ಮುಗಿಯುತ್ತದೆ. ನಾವೇ ಎಂ.ಎಸ್‌ಸಿ. ಓದಿಸಿದ ಹುಡುಗಿಯನ್ನು ಕಾಲೇಜಿಗೇ ಹೋಗಬಾರದು ಅನ್ನುವ ಊರಿಗೆ ಕಳಿಸುವುದಾ? ಆಕೆ ಇಲ್ಲೇ ಒಂದು ಕೆಲಸ ಹುಡುಕಿಕೊಳ್ಳಲು ಅವಕಾಶ ಕೊಡುವುದು ಅಷ್ಟು ಕಷ್ಟವಾ?

ಭಾರತ ಬಿಟ್ಟು ಹೋಗುವವರದ್ದೂ ಒಂದು ಮಾತಿದೆ. ಕೆಲವರಿಗೆ ಕೆನಡಾ, ಆಸ್ಟ್ರೇಲಿಯಾಗೆ ಕರೆ ಬರುತ್ತದೆ. ಅಮೆರಿಕ 2025ರ ಜನವರಿಯಲ್ಲಿ ತನ್ನ ನಿರಾಶ್ರಿತರ ಕಾರ್ಯಕ್ರಮವನ್ನೇ ನಿಲ್ಲಿಸಿದ ಮೇಲೆ ಇಂಥ ಕರೆ ಅಪರೂಪವಾಗಿದೆ. ಬಂದರೂ, ಹೊರಡಲು ನಮ್ಮ ಸರ್ಕಾರದ ನಿರ್ಗಮನ ಅನುಮತಿ ಬೇಕು. ಇಷ್ಟು ವರ್ಷ ವೀಸಾ ಇಲ್ಲದೆ ಇದ್ದಿರಿ ಅಂತ ಆಗ ದಂಡದ ಮಾತು ಬರುತ್ತದೆ. ಹೋಗುವವರನ್ನಾದರೂ ದಂಡ ಕೇಳದೆ ಕಳಿಸಿಕೊಡಿ.

1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನಿಮಗೆ ನೆನಪಿಸುವ ಅಗತ್ಯ ಇಲ್ಲ ಅಂದುಕೊಂಡಿದ್ದೇನೆ. ಸಂವಿಧಾನದ 21ನೇ ವಿಧಿಯ ಜೀವದ ರಕ್ಷಣೆ ಪ್ರಜೆಗಳಿಗಷ್ಟೇ ಅಲ್ಲ, ಈ ನೆಲದ ಮೇಲಿರುವ ಎಲ್ಲರಿಗೂ ಇದೆ. ಕೈಗೊಂದು ಕಾಗದ ಕೊಡುವವರೆಗೆ ಕನಿಷ್ಠ ಯಾರನ್ನೂ ಹಿಡಿದು ಕಾಬೂಲಿಗೆ ಕಳಿಸುವುದಿಲ್ಲ ಅಂತ ಸದನದಲ್ಲಿ ಒಂದು ಮಾತು ಹೇಳಿಸಿ.

ಮಸೂದೆ ತನ್ನಿ ಅಂತ ಈಗಲೇ ನಾನು ಒತ್ತಾಯಿಸುವುದಿಲ್ಲ, ಅದಕ್ಕೆ ಕಾಲ ಹಿಡಿಯುತ್ತದೆ. ನಿಮ್ಮಲ್ಲಿ ಒಬ್ಬರಾದರೂ, ಪಕ್ಷ ಯಾವುದೇ ಇರಲಿ, ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆ, ಹಾಕಿದರೆ ಸಾಕು. ಹದಿನೈದು ದಿನ ಮುಂಚೆ ನೋಟಿಸ್ ಕೊಡಬೇಕು ಅಂತ ಗೊತ್ತು. ನಿಮ್ಮ ಕಚೇರಿಯವರಿಗೆ ಶ್ರಮ ಬೇಡ ಅಂತ ಕರಡು ನಾನೇ ಬರೆದಿದ್ದೇನೆ:

'2011ರ ಡಿಸೆಂಬರ್ 29ರ ಕಾರ್ಯವಿಧಾನದ ಪ್ರಕಾರ 2021ರ ಆಗಸ್ಟ್ ನಂತರ ಎಷ್ಟು ಅಫ್ಘನ್ನರು ದೀರ್ಘಾವಧಿ ವೀಸಾಕ್ಕೆ ಅರ್ಜಿ ಹಾಕಿದ್ದಾರೆ, ಎಷ್ಟು ಜನರಿಗೆ ಕೊಡಲಾಗಿದೆ, ಪಾಸ್‌ಪೋರ್ಟ್ ಅವಧಿ ಮುಗಿದ ಕಾರಣಕ್ಕೆ ಎಷ್ಟು ಅರ್ಜಿಗಳು ನಿಂತಿವೆ. ಟಿಬೆಟನ್ನರಿಗೆ ಕೊಡುವಂಥ ನೋಂದಣಿ ಪತ್ರವನ್ನು ಇವರಿಗೂ ಕೊಡುವ ಪ್ರಸ್ತಾವ ಇದೆಯೇ, ಇಲ್ಲದಿದ್ದರೆ ಕಾರಣವೇನು. ಆಧಾರ್ ಇಲ್ಲದ ನಿರಾಶ್ರಿತ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ರಾಜ್ಯಗಳಿಗೆ ಸೂಚನೆ ಹೋಗಿದೆಯೇ, ಹೋಗಿದ್ದರೆ ಯಾವಾಗ.'

ಪದ ಆಚೀಚೆ ಮಾಡಿಕೊಳ್ಳಿ. ಉತ್ತರ 'ಮಾಹಿತಿ ಲಭ್ಯವಿಲ್ಲ' ಅಂತಲೂ ಬರಬಹುದು. ಬಂದರೆ ಉಪಪ್ರಶ್ನೆ ಕೇಳಿ. ಅದಕ್ಕೆ ಮುಂಚೆ ಇಲ್ಲಿಯ ಮನೆಗಳನ್ನು ಒಮ್ಮೆ ನೋಡಬೇಕು ಅನಿಸಿದರೆ ಬನ್ನಿ, ಕಾಗದಗಳನ್ನು ಓದಿ ಹೇಳಲು ನಾನಿರುತ್ತೇನೆ. ಟೀ ಅವರ ಮನೆಯಲ್ಲೇ ಆಗುತ್ತದೆ, ಬೇಡ ಅಂದರೂ ಬಿಡುವುದಿಲ್ಲ.

ಇಂತಿ,
ನಿಮ್ಮ ವಿಶ್ವಾಸದ
ಭೋಗಲ್‌ನ ಒಬ್ಬ ಕನ್ನಡತಿ